ಮೂರು ಗಂಟೆಯ ಕತ್ತಲು

ಅವರ ವೈಕುಂಠ ಸಮಾರಾಧನೆಯ ದಿನ, ಸಹಕಾರನಗರದ ಮನೆಯ ಮಹಡಿಯ ಮೇಲೆ ಹಾಕಿದ್ದ ಶಾಮಿಯಾನದಡಿ ಊಟಕ್ಕೆ ಕೂತಿದ್ದಾಗ, ನನ್ನ ಪಕ್ಕದ ಎಲೆಯ ಹಿರಿಯರೊಬ್ಬರು ಹೇಳಿದರು: "ಎಂಥಾ ತಣ್ಣಗಿನ ಸ್ವಭಾವ ಕಣ್ರೀ ಅವರದ್ದು. ಅಷ್ಟು ವರ್ಷ ಕಾಲೇಜಲ್ಲಿ ಪಾಠ ಮಾಡಿದಾರೆ, ಒಂದಿನ ದನಿ ಏರಿಸಿದವರಲ್ಲ." ಸುತ್ತಲಿದ್ದವರೆಲ್ಲ ಹೌದು ಹೌದು ಅಂತ ತಲೆಯಾಡಿಸಿದರು. ನನಗೆ ಸಿಟ್ಟು ಬಂತು. ಸಾವಿನ ಮನೆಯ ಊಟದಲ್ಲಿ ಸಿಟ್ಟು ಬರಬಾರದು, ಆದರೆ ಬಂತು. ತಣ್ಣಗಿನ ಸ್ವಭಾವವಂತೆ! ನಾನು ಕಂಡ ಹೆಂಗಸರಲ್ಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡಿದ್ದವರು ಅಂದರೆ ಅವರೇ. ದನಿ ಏರಿಸಬಾರದಿತ್ತು, ಅದಕ್ಕೆ ಏರಿಸುತ್ತಿರಲಿಲ್ಲ. ಬಡಿಸಿದ ವಡೆ ತಿಂದು ಸುಮ್ಮನೆ ಎದ್ದು ಬಂದೆ.

ಹೆಸರು ಬರೆಯುವುದಿಲ್ಲ. ನಾನು ಕೆಲಸ ಮಾಡುವ ಮೀನುಮನೆಯ ಬಾಗಿಲಿನ ಫಲಕದಲ್ಲಿ ಸಲಹೆಗಾರರು ಅಂತ ಅವರ ಹೆಸರು ಹಾಕಿಸಿದ್ದಾಗ, "ಇದನ್ನ ತೆಗೆಸ್ತೀರೋ, ನಾನೇ ಕೀಳಲೋ?" ಅಂತ ಮೆಲ್ಲಗೆ ಕೇಳಿ ತೆಗೆಸಿದ್ದರು. ನಮಗೆಲ್ಲ ಅವರು ಬರೀ ಮೇಡಂ.

ನನ್ನದು ತಂಪು ಮಾಡುವ ಕೆಲಸ. ಬಾಗಲಕೋಟೆ ಕಡೆಯವನು, ಊರಿನ ಬಿಸಿಲಿಗೆ ಹೆದರಿ ಈ ವಿದ್ಯೆ ಕಲಿತೆ ಅಂತ ಹೆಂಡತಿ ಹಂಗಿಸುತ್ತಾಳೆ. ಯಶವಂತಪುರದ ಕೋಲ್ಡ್ ಸ್ಟೋರೇಜುಗಳಲ್ಲಿ ಆಲೂಗಡ್ಡೆ, ಸೇಬು, ಹುಣಸೆಹಣ್ಣು ಕಾಯುತ್ತ ನನ್ನ ಅರ್ಧ ಆಯುಷ್ಯ ಹೋಯಿತು. ಆಮೇಲೆ ಅಲ್ಲಾಳಸಂದ್ರದ ಆಚೆ ಒಬ್ಬ ಮಾಲೀಕರು ಟಿಕೆಟ್ ಕೊಟ್ಟು ನೋಡುವ ಮೀನುಮನೆ ಕಟ್ಟಿಸಿದರು. ಅದರಲ್ಲೊಂದು ಕೋಣೆಗೆ ‘ಹಿಮದ ಕಡಲು’ ಅಂತ ಹೆಸರಿಟ್ಟು, ಅಲ್ಲಿನ ತೊಟ್ಟಿಯ ಉಪ್ಪುನೀರನ್ನು ಸೊನ್ನೆಗಿಂತ ಒಂದೂವರೆ ಡಿಗ್ರಿ ಕೆಳಗೆ ಇಡಬೇಕು ಅಂದರು. ಗೋಡೆಯ ಮೇಲೆ ಕೆಂಪು ಅಂಕಿಯಲ್ಲಿ ಅದು ಕಾಣಬೇಕು, ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು. ನೀರು ತಂಪು ಮಾಡುವ ಯಂತ್ರ, ಚಿಲ್ಲರ್, ಕೂರಿಸಿ, ಆ ನೀರನ್ನು ಹಗಲೂ ರಾತ್ರಿ ಕಾಯುವ ಕೆಲಸ ನನ್ನ ಪಾಲಿಗೆ ಬಂತು.

ಮೀನು ಬಂದದ್ದು ಉತ್ತರದ ಯಾವುದೋ ಚಳಿ ಸಮುದ್ರದಿಂದ, ವಿಮಾನದಲ್ಲಿ, ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ. ಚಪ್ಪಟೆ ಮೀನುಗಳು. ನಮ್ಮ ಕರಾವಳಿಯವರು ನಂಗು ಅನ್ನುತ್ತಾರಲ್ಲ, ಅದರ ದೂರದ ನೆಂಟರು. ಎರಡು ಕಣ್ಣೂ ಒಂದೇ ಮಗ್ಗುಲಲ್ಲಿ. ತಳದ ಮರಳಿನಲ್ಲಿ ಮೈ ಹರಡಿಕೊಂಡು ಮಲಗಿ ಮೇಲಕ್ಕೆ ನೋಡುತ್ತಿದ್ದವು. ಅವುಗಳ ಆರೋಗ್ಯ ನೋಡಿಕೊಳ್ಳಲು ಮಾಲೀಕರು ಹುಡುಕಿ ಕರೆತಂದದ್ದು, ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಮೇಡಮ್ಮನ್ನು. ಚಿಕ್ಕ ವಯಸ್ಸಿನಲ್ಲಿ ಅವರು ಚಳಿ ದೇಶವೊಂದರಲ್ಲಿ ಇದೇ ಜಾತಿಯ ಮೀನಿನ ರಕ್ತದ ಮೇಲೆ ಕೆಲಸ ಮಾಡಿದ್ದರಂತೆ.

ಮೊದಲ ದಿನ ಬಂದವರು ನನ್ನ ಚಿಲ್ಲರನ್ನು ಕಣ್ಣೆತ್ತಿಯೂ ನೋಡಲಿಲ್ಲ. ತೋಳು ಮಡಿಚಿ ನೀರಿಗೆ ಕೈ ಇಳಿಸಿದರು. ಆ ನೀರಿಗೆ ಕೈ ಹಾಕಿದರೆ ಮೂಳೆಯೊಳಗೆ ಸೂಜಿ ಆಡಿಸಿದ ಹಾಗಾಗುತ್ತದೆ. ಅವರು ಕೈ ತೆಗೆಯದೆ, ತಲೆಯೆತ್ತಿ ದೀಪಗಳನ್ನು ನೋಡಿದರು.

"ಲೈಟು ಯಾವಾಗ ಆರಿಸ್ತೀರಾ?"

"ಆರಿಸೂದಿಲ್ರಿ ಮೇಡಂ. ಮಂದಿ ಬರ್ತಾರಲ್ಲ. ರಾತ್ರಿ ಕಾವಲಿನ ಕ್ಯಾಮರಾಕ್ಕ ಬೆಳಕ ಬೇಕ್ರಿ."

"ಹಂಗಾದ್ರೆ ಚಳಿಗಾಲ ಬರ್ತಿದೆ ಅಂತ ಇವಕ್ಕೆ ಯಾರು ಹೇಳ್ತಾರೆ?"

"ನೀರು ಹೇಳ್ತದಲ್ರಿ."

"ನೀರು ಹೇಳೋ ಹೊತ್ತಿಗೆ ತಡ ಆಗಿರತ್ತೆ," ಅಂದು ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. ಕೈ ಕೆಂಪಗಾಗಿತ್ತು.

ಅವರ ಮನೆ ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ಒಂದು ಭಾನುವಾರ ಹೋದಾಗ ಜಾಮೂನು ಮಾಡುತ್ತಿದ್ದರು. ಅವರ ಪಾಠವೆಲ್ಲ ಅಡಿಗೆಮನೆಯಲ್ಲೇ. ಸಕ್ಕರೆ ಪಾಕಕ್ಕೆ ನಿಂಬೆಹಣ್ಣು ಹಿಂಡುತ್ತ, "ಇದ್ಯಾಕೆ ಹೇಳಿ?" ಅಂದರು.

"ಹರಳು ಕಟ್ಟಬಾರದು ಅಂತ್ರಿ."

"ಹಾಂ. ಮೀನಿಂದು ಪೂರ್ತಿ ಹಿಂಗೇ ಅಲ್ಲ, ಆದ್ರೆ ಹಿಂಗಂದ್ಕೊಳ್ಳಿ." ಆಮೇಲೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಕಡಲಿನ ನೀರಲ್ಲಿ ಉಪ್ಪು ಹೆಚ್ಚು, ಅದಕ್ಕೆ ಅದು ಸೊನ್ನೆಗಿಂತ ಹತ್ತಿರ ಹತ್ತಿರ ಎರಡು ಡಿಗ್ರಿ ಕೆಳಗಿಳಿದ ಮೇಲೇ ಹೆಪ್ಪುಗಟ್ಟುವುದು. ಮೀನಿನ ರಕ್ತದಲ್ಲಿ ಅಷ್ಟು ಉಪ್ಪಿಲ್ಲ. ಅದು ಒಂದು ಡಿಗ್ರಿ ಇಳಿಯುವ ಮೊದಲೇ ಗಟ್ಟಿಯಾಗಬೇಕು. ಅಂದರೆ ಲೆಕ್ಕದ ಪ್ರಕಾರ ಹಿಮದ ಕಡಲಿನಲ್ಲಿ ಮೀನು ಕಲ್ಲಾಗಬೇಕು. ಆಗುವುದಿಲ್ಲ, ಯಾಕೆಂದರೆ ಅದರ ಪಿತ್ತಜನಕಾಂಗ ಒಂದು ಪ್ರೋಟೀನು ಮಾಡಿ ರಕ್ತಕ್ಕೆ ಬಿಡುತ್ತದೆ. ಕಿವಿರಿನಿಂದಲೋ ಬಾಯಿಂದಲೋ ಐಸಿನ ಸಣ್ಣ ಹರಳು ಒಳಗೆ ಹೋದರೆ, ಈ ಪ್ರೋಟೀನು ಹೋಗಿ ಅದರ ಮೈಗೆ ಅಂಟಿಕೊಂಡು ಅದು ಬೆಳೆಯದ ಹಾಗೆ ನೋಡಿಕೊಳ್ಳುತ್ತದೆ.

"ಕರಗಿಸ್ತದೇನ್ರಿ?"

"ಇಲ್ಲ. ಕರಗಿಸೋ ಶಕ್ತಿ ಅದಕ್ಕಿಲ್ಲ. ಬೆಳೆಯೋಕೆ ಬಿಡಲ್ಲ, ಅಷ್ಟೆ. ಹರಳು ಒಳಗೇ ಇರತ್ತೆ, ಮೀನು ಅದನ್ನ ಹೊತ್ಕೊಂಡೇ ಓಡಾಡ್ತಾ ಇರತ್ತೆ. ಬೇಸಿಗೆ ಬಂದು ನೀರು ಬೆಚ್ಚಗಾದ್ರೆ ಕರಗತ್ತೆ."

ಆದರೆ ಈ ಪ್ರೋಟೀನು ವರ್ಷವಿಡೀ ಇರುವುದಿಲ್ಲ. ಮೀನು ಬೆಳೆಯುತ್ತಿರುವಷ್ಟು ಕಾಲ ಅದನ್ನು ಮಾಡುವುದಿಲ್ಲ. ಹಗಲು ಗಿಡ್ಡವಾಗುತ್ತ ಬಂದದ್ದನ್ನು ಕಣ್ಣು ಕಂಡುಕೊಂಡ ಮೇಲೆ, ನೀರು ಇನ್ನೂ ತಣ್ಣಗಾಗುವ ಮೊದಲೇ, ಬೆಳೆಯುವುದನ್ನು ನಿಲ್ಲಿಸಿ ಇದನ್ನು ಮಾಡಲು ಹಿಡಿಯುತ್ತದೆ. ಅದಕ್ಕೂ ವಾರಗಟ್ಟಲೆ ಬೇಕು. ನಮ್ಮ ಕೋಣೆಯಲ್ಲಿ ಹಗಲು ಮುಗಿಯುವುದೇ ಇಲ್ಲ.

"ಮತ್ತ ನಮ್ಮ ಮೀನು ಹೆಂಗ ಬದುಕ್ಯಾವ್ರಿ?" ಅಂದೆ.

ಒಲೆ ಆರಿಸಿ ಹೇಳಿದರು. ಆಳವಾದ ಕೊಲ್ಲಿಗಳ ತಳದಲ್ಲಿ ಕೆಲವು ಮೀನುಗಳಿವೆಯಂತೆ. ಅವುಗಳಲ್ಲಿ ಈ ಪ್ರೋಟೀನೇ ಇಲ್ಲ. ರಕ್ತ ಹೆಪ್ಪುಗಟ್ಟಬೇಕಾದ ಗೆರೆ ಯಾವತ್ತೋ ದಾಟಿಯಾಗಿದೆ, ಆದರೂ ನೀರಾಗಿಯೇ ಇದೆ, ಯಾಕೆಂದರೆ ಮೊದಲ ಹರಳು ಇನ್ನೂ ಸಿಕ್ಕಿಲ್ಲ. ಐಸು ತೇಲುತ್ತದೆ, ತಳಕ್ಕೆ ಬರುವುದಿಲ್ಲ. ಹಾಗೇ ಅವು ತಿಂದು, ಮೊಟ್ಟೆಯಿಟ್ಟು, ಮುದಿಯಾಗುತ್ತವೆ. ಒಂದೇ ಒಂದು ಚೂರು ಐಸು ಮೈಗೆ ತಾಗಿದರೆ ನೋಡನೋಡುತ್ತ ಕಲ್ಲಾಗುತ್ತವೆ.

"ನಿಮ್ಮ ತೊಟ್ಟೀಲಿರೋವೂ ಈಗ ಹಂಗೇ ಇವೆ. ಏನೂ ಮುಟ್ಟದಿದ್ರೆ ಸರಿ." ಜಾಮೂನು ಪಾಕದಲ್ಲಿ ಮುಳುಗಿಸುತ್ತ, ನನ್ನ ಕಡೆ ತಿರುಗದೆಯೇ ಸೇರಿಸಿದರು: "ನಂದೂ ಅದೇ ಕತೆ ಅನ್ನಿ. ತಲೇಲಿ ಒಂದು ರಕ್ತನಾಳ ಬಲೂನಿನ ಥರ ಉಬ್ಕೊಂಡಿದೆ. ಆಪರೇಷನ್ ಮಾಡೋ ಜಾಗದಲ್ಲಿಲ್ಲ, ಹಂಗೇ ಇರ್ಲಿ ಅಂದಿದಾರೆ. ಓಡಬಾರ್ದು, ಭಾರ ಎತ್ತಬಾರ್ದು, ಕೂಗಾಡಬಾರ್ದು. ತಗೊಳ್ಳಿ, ಬಿಸಿ ಇದೆ."

ಅವರು ಒಂದೊಂದೇ ಮೆಟ್ಟಿಲು ಹತ್ತಿ, ನಿಂತು, ಮತ್ತೆ ಹತ್ತುತ್ತಿದ್ದದ್ದು ಯಾಕೆ ಅಂತ ಅವತ್ತು ತಿಳಿಯಿತು. ಸಿಟ್ಟು ಬಂದಾಗ ಕೈ ಎಡಗಿವಿಗೆ ಹೋಗಿ ಓಲೆಯ ತಿರುಪನ್ನು ಬಿಗಿ ಮಾಡುತ್ತಿದ್ದದ್ದೂ ತಿಳಿಯಿತು. ತರಕಾರಿಯವನು ಕೊಳೆತ ಟೊಮ್ಯಾಟೊ ಹಾಕಿದರೆ ಅರ್ಧ ಸುತ್ತು. ಮಾಲೀಕರ ಜೊತೆ ಮಾತಾಡುವಾಗಲಂತೂ ಕೈ ಕಿವಿ ಬಿಟ್ಟು ಬರುತ್ತಲೇ ಇರಲಿಲ್ಲ.

ಮಾಲೀಕರು ಕೆಟ್ಟವರಲ್ಲ. ಮಾತು ಮಾತ್ರ ಒಂದೇ: "ಮೇಡಂ, ಲೈಟ್ ಆರ್ಸಿದ್ರೆ ಜನ ಏನ್ ನೋಡ್ತಾರೆ? ಕತ್ಲೆನಾ?" ಮೇಡಂ ಹಟ ಬಿಡಲಿಲ್ಲ. ಕಡೆಗೆ ಒಂದೇ ಒಂದು ಮೀನು ಅವರ ಪಾಲಿಗೆ ಬಂತು. ಬಾಲದ ಅಂಚು ಹರಿದಿತ್ತು, ಪ್ರದರ್ಶನಕ್ಕೆ ಚೆಂದವಿಲ್ಲ ಅಂತ ಹಿಂದಿನ ಕೋಣೆಯ ಸಣ್ಣ ತೊಟ್ಟಿಗೆ ಹಾಕಿದ್ದ ಮೀನು. ನೀರಿನ ತಂಪು ಎರಡು ತೊಟ್ಟಿಗೂ ಒಂದೇ. ಆ ಸಣ್ಣ ತೊಟ್ಟಿಗೆ ಮೇಡಂ ದಿನಾ ಮಧ್ಯಾಹ್ನ ಮೂರಕ್ಕೆ ದಪ್ಪ ಕರಿಬಟ್ಟೆ ಹೊದಿಸುತ್ತಿದ್ದರು, ಮಾರನೆಯ ಬೆಳಿಗ್ಗೆ ತೆಗೆಸುತ್ತಿದ್ದರು. ಹೊರಗೆ ಜೂನಿನ ಬೆಳಕು ಢಾಳಾಗಿರುವಾಗ ಒಳಗೊಂದು ಮೀನಿಗೆ ಡಿಸೆಂಬರಿನ ಸಂಜೆ.

ಬಟ್ಟೆಯ ಇನ್ನೊಂದು ತುದಿ ಹಿಡಿಯುತ್ತಿದ್ದವನು ನಮ್ಮ ಸೂಪರ್‌ವೈಸರ್ ಮುನಿರಾಜು. ಜಕ್ಕೂರಿನ ಹಳೇ ಊರಿನವನು, ಅವನ ತಾತ ಕೆರೆಯಲ್ಲಿ ಬಲೆ ಬೀಸಿದವರು. "ಇನ್ನೊಂದು ಜೋಗುಳ ಆಡ್ಬಿಡಿ ಮೇಡಂ, ನಿದ್ದೆ ಬರ್ತದೆ ಅದುಕ್ಕೆ," ಅನ್ನುತ್ತಿದ್ದ. "ನೀನೇ ಹಾಡೋ, ನನಗೆ ದನಿ ಇಲ್ಲ," ಅನ್ನುತ್ತಿದ್ದರು ಅವರು. ಮೇಡಂ ಅಂದರೆ ಅವನಿಗೆ ದೇವರು. ಅವರು ಈ ಕೋಣೆಗೆ ಐಸು ತರಬಾರದು ಅಂತ ಕಟ್ಟಪ್ಪಣೆ ಮಾಡಿದ ಮೇಲೆ, ಬಾಗಿಲಲ್ಲಿ ನಿಂತು ಜನರ ಕೈಯಿಂದ ಐಸ್‌ಕ್ರೀಮು, ಜ್ಯೂಸಿನ ಲೋಟ ಎಲ್ಲ ಇಸಿದುಕೊಂಡು ಇಡುತ್ತಿದ್ದ. ಹಿಮದ ಕಡಲಿಗೆ ಐಸು ಬೇಡವಂತೆ ಅಂತ ಜನ ನಗುತ್ತಿದ್ದರು.

ದಸರೆಗೆ ಕೆಲವು ವಾರ ಮುಂಚೆ ಅವರು ಹರಿದ ಬಾಲದ ಮೀನಿನ ಒಂದು ಹನಿ ರಕ್ತ ತೆಗೆದು, ತಣ್ಣನೆ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದಕ್ಕೆ ತಾಗಿಸಿದ್ದ ಐಸಿನ ಹರಳು ನಿಧಾನವಾಗಿ ಬೆಳೆಯುತ್ತಿತ್ತು. "ಶುರುವಾಗಿದೆ. ಇನ್ನೂ ಸಾಲದು," ಅಂದರು. ದೊಡ್ಡ ತೊಟ್ಟಿಯ ಮೀನೊಂದರ ರಕ್ತವನ್ನೂ ನೋಡಿದರು. ಅದು ನೋಡುವಷ್ಟರಲ್ಲೇ ಗಾಜಿನ ಈ ತುದಿಯಿಂದ ಆ ತುದಿಗೆ ಬೆಳ್ಳಗಾಗಿ ಹೋಯಿತು. ಅವರು ಬಹಳ ಹೊತ್ತು ಓಲೆಯ ತಿರುಪು ತಿರುಗಿಸುತ್ತ ಕೂತಿದ್ದರು. ಅವತ್ತಿನಿಂದ ಅವರಿಗೆ ಭಯ ಹತ್ತಿತು. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ, "ಎಲ್ಲಾ ಸರಿ ಇದೆಯಾ?" ಅನ್ನುತ್ತಿದ್ದರು.

ಆಯುಧಪೂಜೆಯ ಬೆಳಿಗ್ಗೆ ನಾನೇ ಹೋಗಿ ಕಂಪ್ರೆಸರ್ರಿಗೆ ಅರಿಶಿನ ಕುಂಕುಮ ಇಟ್ಟು, ಹೂವು ಹಾಕಿ, ಬೂದುಗುಂಬಳಕಾಯಿ ಒಡೆದು ಬಂದಿದ್ದೆ. ಯಂತ್ರ ಓಡುತ್ತಲೇ ಇತ್ತು. ಯಶವಂತಪುರದಲ್ಲಾದರೆ ಪೂಜೆಗೆ ಯಂತ್ರ ನಿಲ್ಲಿಸುತ್ತೇವೆ, ಮಾರನೆಯ ದಿನದವರೆಗೂ ಮುಟ್ಟುವುದಿಲ್ಲ. ಆಲೂಗಡ್ಡೆಗೆ ಏನೂ ಆಗುವುದಿಲ್ಲ. ಇಲ್ಲಿ ಹಾಗಿಲ್ಲ ಅಂತ ಎಲ್ಲರಿಗೂ ಹೇಳಿಯೇ ಬಂದಿದ್ದೆ. ಮನೆಯಲ್ಲಿ ಹೋಳಿಗೆ ಊಟ ಮಾಡಿ ಅಡ್ಡಾಗಿದ್ದೆ, ಫೋನ್ ಬಂತು. ಮುನಿರಾಜು. ದನಿಯಲ್ಲಿ ಹಬ್ಬದ ಖುಷಿ.

"ಸಾರ್, ಬೆಳಿಗ್ಗೆ ಪೂಜೆ ಅರ್ಧಂಬರ್ಧ ಆಯ್ತಲ್ವಾ, ಮನ್ಸು ತಡೀಲಿಲ್ಲ. ವರ್ಸೆಲ್ಲ ಓಡೋ ಮಿಸಿನ್ನು, ಒಂದಿನ ಉಸ್ರಾಡ್ಲಿ ಅಂತ ಆಫ್ ಮಾಡಿ, ವರ್ಸಿ, ಇನ್ನೊಂದು ಕಾಯಿ ಒಡೆದ್ವಿ. ಮೀನಿಗೇನೂ ತೊಂದ್ರೆ ಇಲ್ಲ ಸಾರ್. ಗಾಳಿ ಬೇಕಲ್ಲ, ಪಂಪು ಆಫ್ ಮಾಡಿಲ್ಲ. ತಣ್ಣಗಿರ್ಲಿ ಅಂತ ಐಸು ಪುಡಿ ಮಾಡಿ ಆಕಿದೀವಿ."

"ಐಸು?"

"ಕೊಳಕು ಐಸಲ್ಲ ಸಾರ್! ಮೇಡಂ ಬೈತಾರೆ ಅಂತ ಗೊತ್ತಿಲ್ವಾ ನಂಗೆ? ಫಿಲ್ಟರ್ ನೀರಿನ ಐಸು. ತೊಳೆದೇ ಆಕಿದ್ದು."

ಐಸು ಬೇಡ ಅಂದದ್ದು ಕೊಳಕಿನ ಭಯಕ್ಕೆ ಅಂತ ಅವನು ತಿಳಿದಿದ್ದ. ಬೀದಿಯ ಐಸು ಯಾವ ನೀರಿನದ್ದೋ ಅಂತ ನಾವೆಲ್ಲ ಮಕ್ಕಳಿಗೆ ಹೇಳುತ್ತೇವಲ್ಲ, ಹಾಗೆ. "ತೆಗಿ! ಇದ್ದಷ್ಟೂ ತೆಗಿ!" ಅಂತ ಕಿರುಚಿ ಸ್ಕೂಟರ್ ಹತ್ತಿದೆ.

ಎರಡು ರಸ್ತೆ ದಾಟುವಷ್ಟರಲ್ಲಿ ಇನ್ನೊಂದು ಯೋಚನೆ ಬಂದು ಕುತ್ತಿಗೆ ಹಿಡಿಯಿತು. ಮೇಡಮ್ಮಿಗೆ ಹೇಳಲೋ ಬೇಡವೋ? ಹೇಳಿದರೆ ಆ ತಲೆಯೊಳಗಿನ ಬಲೂನು ತಡೆದೀತೇ? ಹೇಳದೆ ಹೋದರೆ, ಉಳಿಸುವ ದಾರಿಯೇನಾದರೂ ಇದ್ದರೆ ಅದು ಗೊತ್ತಿರುವುದು ಅವರೊಬ್ಬರಿಗೇ. ಅವರ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಗಂಟೆ ಒತ್ತಲಾಗದೆ ನಿಂತೆ. ಸದ್ದಿಗೆ ಅವರೇ ಬಾಗಿಲು ತೆಗೆದರು. ನನ್ನ ಮುಖ ನೋಡಿದರು.

"ಚಿಲ್ಲರ್ರಾ?"

"ಅಲ್ರಿ. ಐಸು."

ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬೀಗ ಹಾಕಿ, ಬೀಗ ಎಳೆದು ನೋಡಿ, ಸ್ಕೂಟರಿನ ಹಿಂದೆ ಕೂತರು. "ನಿಧಾನಕ್ಕೆ ಹೋಗಿ. ಇನ್ನು ಓಡಿ ಏನೂ ಆಗಲ್ಲ," ಅಂದರು. ದಾರಿಯುದ್ದಕ್ಕೂ ಬಾಳೆಕಂದು ಕಟ್ಟಿದ ಲಾರಿಗಳು, ರಸ್ತೆಯಲ್ಲೆಲ್ಲ ಒಡೆದ ಕುಂಬಳಕಾಯಿಯ ಕೆಂಪು. ಅವರ ಕೈ ನನ್ನ ಭುಜದ ಮೇಲಿತ್ತು.

ದೊಡ್ಡ ತೊಟ್ಟಿ ಆಳವಿಲ್ಲದ್ದು, ಚಪ್ಪಟೆ ಮೀನಿಗೆ ನೆಲ ಬೇಕು, ಎತ್ತರ ಬೇಡ ಅಂತ ಹಾಗೆ ಕಟ್ಟಿದ್ದು. ಮೇಲೆ ಗಂಜಿಯ ಹಾಗೆ ಐಸು ತೇಲುತ್ತಿತ್ತು. ಪುಡಿಯನ್ನು ಪಂಪು ಎಳೆದುಕೊಂಡು ತಳಕ್ಕೂ ಬಿಟ್ಟಿತ್ತು. ಹುಡುಗರು ಜರಡಿಯಲ್ಲಿ ಬಳಿದು ಹಾಕುತ್ತಿದ್ದರು. ಮೀನುಗಳು ಮರಳಿನ ಮೇಲೆ ಯಾವಾಗಲೂ ಮಲಗುವ ಹಾಗೇ ಮಲಗಿದ್ದವು. ಬಣ್ಣ ಮಾತ್ರ ಸುಣ್ಣದಂತಾಗಿತ್ತು. ಮೇಡಂ ಒಂದನ್ನು ಎತ್ತಿದರು. ಬಾಗಲಿಲ್ಲ; ತಟ್ಟೆಯ ಹಾಗೆ ನೆಟ್ಟಗೆ ಬಂತು. ಅಂಚಿಗೆ ಇಟ್ಟಾಗ ಟಣ್ ಅಂತ ಸದ್ದಾಯಿತು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ.

"ಒಂದೊಂದೇ ಒಂದ್ಸಲಿ ವದರಿಕೊಳ್ತು ಮೇಡಂ," ಮುನಿರಾಜು ಗೋಡೆಗೆ ಒರಗಿ ಅಳುತ್ತಿದ್ದ. "ತಣ್ಣೀರು ಕಂಡು ಕುಸಿಯಾಗಿ ಕುಣೀತಾವೆ ಅನ್ಕಂಡೆ. ಆಮೇಲೆ ಬೆಳ್ಳಗಾಗೋದ್ವು."

ನಾನು ಮೀನುಗಳನ್ನು ನೋಡುತ್ತಿರಲಿಲ್ಲ, ಮೇಡಮ್ಮನ್ನು ನೋಡುತ್ತಿದ್ದೆ. ಈಗ ಕೂಗುತ್ತಾರೆ, ಈಗ ಬೀಳುತ್ತಾರೆ ಅಂತ. ಅವರು ಕುರ್ಚಿ ಎಳೆದುಕೊಂಡು ಕೂತರು. ಕೈ ಕಿವಿಗೆ ಹೋಯಿತು. ತಿರುಪು ಇನ್ನು ತಿರುಗದು ಅನ್ನುವಷ್ಟು ತಿರುಗಿದ ಮೇಲೂ ತಿರುಗಿಸುತ್ತಲೇ ಇದ್ದರು. ಕಿವಿಯ ಹಾಲೆ ಕೆಂಪಾಗಿ, ಒಂದು ಸಣ್ಣ ಹನಿ ರಕ್ತ ಬಂತು. ಕಡೆಗೆ ಕೇಳಿದರು: "ಹಿಂದಿನದಕ್ಕೂ ಹಾಕಿದ್ಯಾ ಮುನಿರಾಜು?"

"ಆಕಿದೀನಿ ಮೇಡಂ. ಅದೊಂದೇ ಏನ್ ಪಾಪ ಮಾಡ್ತು ಅಂತ..."

ಹಿಂದಿನ ಕೋಣೆಗೆ ಹೋಗಿ ಕರಿಬಟ್ಟೆ ಸರಿಸಿದೆವು. ಅಲ್ಲೂ ಅದೇ ಐಸಿನ ಗಂಜಿ. ಅದರಡಿಯಲ್ಲಿ ಹರಿದ ಬಾಲದ ಮೀನು, ಎರಡು ಕಣ್ಣನ್ನೂ ನಮ್ಮ ಕಡೆ ಹೊರಳಿಸಿ, ಕಿವಿರು ಆಡಿಸುತ್ತಿತ್ತು. ಮೇಡಂ ಬೆರಳು ನೀರಿಗೆ ಇಳಿಸಿದರೆ ಮರಳೆಬ್ಬಿಸಿ ಆಚೆ ಸರಿಯಿತು.

ನನಗೆ ಕುಣಿಯುವಷ್ಟು ಸಂತೋಷವಾಯಿತು. "ಮೇಡಂ, ನಿಮ್ಮ ಮಾತು ಖರೇ ಆತ್ರಿ!" ಅಂದೆ.

"ಎಲ್ಲಾ ಸತ್ತ ಮೇಲೆ," ಅಂದರು. ಅಷ್ಟು ತಗ್ಗಿದ ದನಿಯಲ್ಲಿ ಅಷ್ಟು ಸಿಟ್ಟನ್ನು ನಾನು ಕೇಳಿಲ್ಲ. ನನ್ನ ಸಂತೋಷಕ್ಕೆ ನಾನೇ ನಾಚಿಕೊಂಡೆ. ಆಮೇಲೆ, ಬಟ್ಟೆಯನ್ನು ಮತ್ತೆ ಹೊದಿಸುತ್ತ, "ಇದೂ ಈಗ ಒಳಗೆ ಐಸು ಹೊತ್ಕೊಂಡಿದೆ. ಇದಕ್ಕೆ ಒಂದು ಬೇಸಿಗೆ ಕೊಡ್ಬೇಕು. ಶಿವರಾತ್ರಿ ಆಗ್ಲಿ," ಅಂದರು.

ಮಾಲೀಕರು ಮುನಿರಾಜುವನ್ನು ಅವತ್ತೇ ಹೊರಗೆ ಹಾಕುವವರಿದ್ದರು. ಮೇಡಂ ಅಡ್ಡ ಬಂದರು. "ಮೂರಕ್ಕೆ ಲೈಟ್ ಆರಿಸಿದ್ರೆ ಎಲ್ಲವೂ ಆ ಐಸಲ್ಲೇ ಈಜಾಡ್ತಾ ಇರ್ತಿದ್ವು. ಲೈಟು ಹಚ್ಚಿದ್ದು ಇವನಲ್ಲ." ಮುನಿರಾಜು ಉಳಿದ. ಅಂದಿನಿಂದ ಕರಿಬಟ್ಟೆ ಹೊದಿಸುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಜೋಗುಳದ ತಮಾಷೆಯನ್ನು ಮಾತ್ರ ಮತ್ತೆ ಆಡಲಿಲ್ಲ.

ಶಿವರಾತ್ರಿ ಮೇಡಮ್ಮಿಗೆ ಬರಲಿಲ್ಲ. ಅದಕ್ಕೆ ಮುಂಚೆ, ಒಂದು ಸಾಧಾರಣ ಬೆಳಿಗ್ಗೆ, ಕಾಫಿ ಕುಡಿದು ಪೇಪರ್ ಓದುತ್ತ ಕೂತವರು ಹಾಗೇ ಮೇಜಿಗೆ ಒರಗಿದ್ದರು. ಕೆಲಸದಾಕೆ ಬಂದು ನೋಡಿದಾಗ ಲೋಟ ಸಹ ಉರುಳಿರಲಿಲ್ಲ. ಅವತ್ತು ಅವರು ಯಾರ ಜೊತೆಗೂ ಜಗಳವಾಡಿರಲಿಲ್ಲ, ಓಡಿರಲಿಲ್ಲ, ಭಾರ ಎತ್ತಿರಲಿಲ್ಲ. ಇದು ನನಗೆ ಇನ್ನೂ ಅರಗಿಲ್ಲ. ಆಯುಧಪೂಜೆಯ ದಿನ ತಡೆದದ್ದು ಆ ಬೆಳಿಗ್ಗೆ ಯಾಕೆ ಒಡೆಯಿತು? ಡಾಕ್ಟರು, "ಅದಕ್ಕೆ ಕಾರಣ ಬೇಕಾಗಿಲ್ಲ," ಅಂದರಂತೆ. ಕಾರಣ ಬೇಡದ್ದು ನಮ್ಮ ನಡುವೆ ಇನ್ನೇನೇನಿದೆಯೋ ಅಂತ ನನಗೆ ಆ ದಿನಗಳಲ್ಲಿ ನಿಂತಲ್ಲಿ ಕೂತಲ್ಲಿ ಹೆದರಿಕೆಯಾಗುತ್ತಿತ್ತು.

ಸಮಾರಾಧನೆಯ ಊಟ ಮುಗಿಸಿ, ಆ ಸಿಟ್ಟಿನಲ್ಲೇ, ನೆಟ್ಟಗೆ ಮೀನುಮನೆಗೆ ಹೋದೆ. ಅವತ್ತಿನಿಂದ ಸಣ್ಣ ತೊಟ್ಟಿಯ ತಂಪನ್ನು ಚೂರು ಚೂರೇ ಕಡಿಮೆ ಮಾಡುತ್ತ ಬಂದೆ. ಶಿವರಾತ್ರಿಗೆ ಅಲ್ಲಿನ ಅಂಕಿಯ ಹಿಂದಿನ ಮೈನಸ್ ಗೀಟು ಹೋಗಿತ್ತು, ಯುಗಾದಿಗೆ ನೀರು ಹತ್ತು ಡಿಗ್ರಿ ದಾಟಿತ್ತು. ಬಟ್ಟೆಯನ್ನೂ ತೆಗೆಸಿದೆ. ಹರಿದ ಬಾಲದ ಮೀನು ತಿನ್ನಲು ಶುರು ಮಾಡಿತು, ಕಣ್ಣಿಗೆ ಕಾಣುವಷ್ಟು ಬೆಳೆಯಿತು. ಒಳಗಿನ ಐಸು ಕರಗಿತೇ, ಅದನ್ನು ನೋಡುವ ವಿದ್ಯೆ ನನಗಿಲ್ಲ.

ಆಷಾಢದಲ್ಲಿ ಹೊಸ ಮೀನು ಬಂದವು. ಮತ್ತೆ ವಿಮಾನ, ಮತ್ತೆ ಥರ್ಮೋಕೋಲ್ ಪೆಟ್ಟಿಗೆ. ದೊಡ್ಡ ತೊಟ್ಟಿಯ ಮೇಲೆ ಮತ್ತೆ ಕೆಂಪು ಅಂಕಿ. ಈ ಸಲ ಮಾಲೀಕರಿಗೆ ಹೊಸ ಯೋಚನೆ: ದಸರೆಗೆ ಜನರ ಕಣ್ಣೆದುರೇ ತೊಟ್ಟಿಗೆ ಐಸು ಸುರಿಯುವುದು, ಮೀನು ಅದರಲ್ಲಿ ಈಜುವುದು. "ಆ ಬಾಲ ಹರಿದದ್ದು ಬದುಕ್ತಲ್ಲ ಇಂಜಿನಿಯರ್ರೇ, ಇವೂ ಅದೇ ಜಾತಿ ತಾನೇ?" ನಾನು ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ, ನಿಂಬೆಹಣ್ಣು, ಪಾಕ, ಹಗಲು, ಎಲ್ಲ. ಕೇಳಿಸಿಕೊಂಡರು. "ಲೈಟ್ ಆರ್ಸೋ ಮಾತೊಂದು ಬಿಟ್ಟು ಬೇರೆ ಹೇಳಿ," ಅಂದರು.

ಅಂದಿನಿಂದ ನಮ್ಮ ಹಿಮದ ಕಡಲಿನಲ್ಲಿ ದಿನಾ ಮೂರಕ್ಕೆ ಕರೆಂಟು ಹೋಗುತ್ತದೆ. ಬೇರೆಲ್ಲೂ ಹೋಗುವುದಿಲ್ಲ. ಚಿಲ್ಲರ್ ಓಡುತ್ತದೆ, ಪಂಪು ಓಡುತ್ತದೆ, ಗೋಡೆಯ ಕೆಂಪು ಅಂಕಿಯೂ ಉರಿಯುತ್ತದೆ, ಪಕ್ಕದ ಕೋಣೆಗಳೆಲ್ಲ ಝಗಝಗ. ಇಲ್ಲಿಯ ದೀಪ ಮಾತ್ರ ಬೆಳಿಗ್ಗೆಯವರೆಗೂ ಹತ್ತುವುದಿಲ್ಲ. ಕರೆಂಟು ಹೋಗದ ಹಾಗೆ ನೋಡಿಕೊಳ್ಳುವುದನ್ನೇ ಕಸುಬು ಮಾಡಿಕೊಂಡಿದ್ದವನು ನಾನು, ನನ್ನ ಕೈಯಾರೆ ಫ್ಯೂಸು ಕೀಳುತ್ತೇನೆ. ಬಾಗಿಲಲ್ಲಿ ಮುನಿರಾಜು ಕೈ ಅಡ್ಡ ಹಿಡಿದು ನಿಲ್ಲುತ್ತಾನೆ. "ಕರೆಂಟಿಲ್ಲ ಸಾರ್, ಮೊಬೈಲ್ ಟಾರ್ಚ್ ಬಿಡಂಗಿಲ್ಲ. ಆ ಕಡೀಕೋಗಿ, ಶಾರ್ಕ್ ಐತೆ." ಮಾಲೀಕರು ಮೊದಲು ಕರೆಂಟಿನವರಿಗೆ ಬೈದರು. ಆಮೇಲೆ ವೈರಿಂಗಿಗೆ ಬೈದರು. "ನೋಡಾಕತ್ತೇನ್ರಿ," ಅನ್ನುತ್ತ ಬಂದೆ. ನಿನ್ನೆ ಫೋನ್ ಮಾಡಿ, "ನಿಮ್ಮ ಕೈಲಾಗಲ್ಲ ಬಿಡಿ, ನಾಳೆ ನಾಲ್ಕಕ್ಕೆ ಹೊರಗಿನ ಎಲೆಕ್ಟ್ರಿಷಿಯನ್‌ನ ನಾನೇ ಕರ್ಕೊಂಡ್ ಬರ್ತೀನಿ," ಅಂದರು.

ಇವತ್ತೂ ಮೂರಕ್ಕೆ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೆ. ಹರಿದ ಬಾಲದ ತೊಟ್ಟಿಗೆ ಮುನಿರಾಜು ಮತ್ತೆ ಕರಿಬಟ್ಟೆ ಹೊದಿಸಿ ಬಂದ. ಇಬ್ಬರೂ ದೊಡ್ಡ ತೊಟ್ಟಿಯ ಮುಂದೆ ಕತ್ತಲಲ್ಲಿ ನಿಂತೆವು. ಕೆಂಪು ಅಂಕಿಯ ಬೆಳಕಿನಲ್ಲಿ ತಳದ ಕಣ್ಣುಗಳು ಅಲ್ಲೊಂದು ಇಲ್ಲೊಂದು ಹೊಳೆಯುತ್ತಿದ್ದವು. ಹಬ್ಬ ಹತ್ತಿರ ಬಂದಿದೆ. ಆ ರಕ್ತದಲ್ಲಿ ಬರಬೇಕಾದದ್ದು ಬಂದಿದೆಯೋ ಇಲ್ಲವೋ, ಕೇಳಲು ಮೇಡಂ ಇಲ್ಲ.

"ಅಬ್ಬದೊಳಗೆ ಆಗ್ತದಾ ಸಾರ್?" ಮುನಿರಾಜುವಿನ ಮಾತು ಖಾಲಿ ಕೋಣೆಯಲ್ಲಿ ಮೊಳಗಿತು.

"ದನಿ ಏರಿಸಬ್ಯಾಡೋ," ಅಂದೆ.

ನಾಲ್ಕಕ್ಕೆ ಸರಿಯಾಗಿ ಹೊರಗೆ ಮಾಲೀಕರ ಕಾರು ಬಂದು ನಿಂತ ಸದ್ದಾಯಿತು. ಕಾರಿನ ಬಾಗಿಲು ತೆಗೆದು ಮುಚ್ಚಿದ ಸದ್ದು, ಎರಡು ಜೊತೆ ಕಾಲುಗಳು. ಮುನಿರಾಜು ನನ್ನ ಕಡೆ ನೋಡಿದ. ನಾನು ಜೇಬಿನೊಳಗಿನ ಫ್ಯೂಸನ್ನು ಬಿಗಿಯಾಗಿ ಹಿಡಿದುಕೊಂಡೆ. ಅವನು ಹೋಗಿ ಒಳಗಿನಿಂದ ಬಾಗಿಲಿನ ಚಿಲಕ ಹಾಕಿ, ಬಾಗಿಲಿಗೇ ಬೆನ್ನು ಕೊಟ್ಟು ನಿಂತ.